ಎಡಗಡೆಯ ಇಂಜಿನ್ನು

ಕಲ್ಲಿನಾಥ ಮಾಮಾನ ಕಣ್ಣಿನ ಪರದೆ ಸಡಿಲಾಗಿದೆ, ಇನ್ನು ಮೇಲೆ ಬಿಸಿಲಿಗೆ ಮುಖ ಎತ್ತಬಾರದು ಎಂದು ಡಾಕ್ಟರು ಹೇಳಿದ ದಿನ ನನಗೆ ದುಃಖಕ್ಕಿಂತ ಮೊದಲು ಬೇರೆಯೇ ಒಂದು ಯೋಚನೆ ಬಂತು. ನಾಚಿಕೆಯಾಯಿತು. ಆದರೂ ಅದು ಹೋಗಲಿಲ್ಲ. ಇನ್ನು ರಿಮೋಟ್ ಯಾರ ಕೈಗೆ?

ಮಾಮಾ ಎಂದರೆ ನನ್ನ ಅವ್ವನ ಒಬ್ಬನೇ ತಮ್ಮ. ಆಳಂದದ ಐಟಿಐಯಲ್ಲಿ ಹುಡುಗರಿಗೆ ಡೀಸೆಲ್ ಇಂಜಿನ್ ಬಿಚ್ಚಿ ಕೂಡಿಸುವುದನ್ನು ಕಲಿಸುತ್ತಾನೆ. ಹೆಂಡತಿ ಮಕ್ಕಳಿಲ್ಲ. ಇರುವುದು ಒಂದು ಹುಚ್ಚು: ಪೆಟ್ರೋಲಿನಿಂದ ಓಡುವ ಸಣ್ಣ ವಿಮಾನ. ಸಣ್ಣದೆಂದರೂ ರೆಕ್ಕೆ ನನ್ನ ಎರಡು ತೋಳು ಚಾಚಿದಷ್ಟಿರುತ್ತದೆ. ಅದರಲ್ಲಿ ಯಾರೂ ಕೂರುವುದಿಲ್ಲ, ನೆಲದ ಮೇಲೆ ನಿಂತು ರಿಮೋಟಿನಿಂದ ಹಾರಿಸುವುದು. ಗೊಬ್ಬೂರಿನ ಹೊಲದಲ್ಲಿ ತೊಗರಿ ಕೊಯ್ದ ಮೇಲೆ, ನಡುವೆ ಒಂದು ಉದ್ದ ಪಟ್ಟಿಯನ್ನು ರೋಲರ್ ಹೊಡೆದು ಸಮ ಮಾಡಿ, ಭಾನುವಾರ ಭಾನುವಾರ ನಾವಿಬ್ಬರೂ ಅಲ್ಲಿಗೆ ಹೋಗುತ್ತಿದ್ದೆವು. ಅವನು ಆಳಂದದಿಂದ ಜೀಪಿನಲ್ಲಿ ವಿಮಾನ ತರುತ್ತಿದ್ದ, ನಾನು ಅಫಜಲಪುರದಿಂದ ಬಸ್ಸು ಹಿಡಿದು ಬರುತ್ತಿದ್ದೆ.

ಎಂಟು ವರ್ಷದಿಂದ ನನ್ನ ಕೆಲಸ ಒಂದೇ. ಮುಂದಿನ ಪಂಖಾವನ್ನು ಬೆರಳಿನಿಂದ ಹೊಡೆದು ಇಂಜಿನ್ ಎಬ್ಬಿಸುವುದು, ಆಮೇಲೆ ಕೇಳುವುದು. ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಎಷ್ಟು ಬಿಡಬೇಕೆಂದು ನಿರ್ಧರಿಸುವ ಒಂದು ಸಣ್ಣ ಸ್ಕ್ರೂ ಇರುತ್ತದೆ. ಹೊರಗೆ ತಿರುಗಿಸಿದರೆ ಪೆಟ್ರೋಲ್ ಹೆಚ್ಚಾಗಿ ಇಂಜಿನ್ ಗೊಗ್ಗರು ದನಿಯಲ್ಲಿ ಗೊಣಗುತ್ತದೆ. ಒಳಗೆ ತಿರುಗಿಸಿದರೆ ಪೆಟ್ರೋಲ್ ಕಡಿಮೆಯಾಗಿ ದನಿ ಚೂಪಾಗುತ್ತದೆ. ನೆಲದ ಮೇಲೆ ಆ ಚೂಪು ಭಾಳ ಚಂದ. ಆದರೆ ಮೇಲೆ ಹೋದ ಮೇಲೆ ಅದೇ ಇಂಜಿನ್ ಕಾದು, ಬಾಯಾರಿ, ನಿಂತುಬಿಡುತ್ತದೆ. ಇವೆರಡರ ನಡುವೆ ಒಂದು ಜಾಗವಿದೆ. ಅದು ನನ್ನ ಕಿವಿಗೆ ಗೊತ್ತು, ಮಾಮಾನ ಕಿವಿಗೂ ಅಷ್ಟು ಗೊತ್ತಿಲ್ಲ.

ಹಾರಿಸುವುದು ಮಾತ್ರ ಅವನೇ. ಕಡೆಗೆ, ಟ್ಯಾಂಕಿನಲ್ಲಿ ಪೆಟ್ರೋಲ್ ಮುಗಿಯುತ್ತ ಬಂದಾಗ, "ಹಿಡಿಯವ್ವಾ, ಎರಡು ನಿಮಿಷ" ಎಂದು ರಿಮೋಟ್ ನನ್ನ ಕೈಗೆ ಕೊಡುತ್ತಿದ್ದ. ಎಂಟು ವರ್ಷದ ಎರಡೆರಡು ನಿಮಿಷಗಳು. ಅವನ್ನೆಲ್ಲ ಗಂಟು ಕಟ್ಟಿಟ್ಟಿದ್ದರೆ ಒಂದು ಮಧ್ಯಾಹ್ನದಷ್ಟಾದರೂ ಆಗುತ್ತಿತ್ತೇನೋ.

ಚಿಕ್ಕಂದಿನಲ್ಲೂ ನನ್ನ ಪಾಲಿಗೆ ಬಂದದ್ದು ಇಂಥದೇ ಕೆಲಸ. ಆಯಿ, ಅಂದರೆ ಅವ್ವನ ಅವ್ವ, ಕತೆ ಹೇಳುವಾಗ ಕೇಳುವವರಲ್ಲಿ ಒಬ್ಬರು ಮಾತುಮಾತಿಗೆ ಹೂಂ ಅನ್ನಬೇಕಿತ್ತು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ರಾಜಕುಮಾರ ಏಳು ಕಡಲು ದಾಟಿ, ರಾಕ್ಷಸನ ಜೀವವಿದ್ದ ದುಂಬಿಯನ್ನು ಹಿಸುಕುವವರೆಗೂ ಎಚ್ಚರವಿದ್ದು ಹೂಂಗುಟ್ಟುತ್ತಿದ್ದವಳು ನಾನು. ಚಿಕ್ಕವ್ವನ ಮಗಳು ಐಶ್ವರ್ಯಾ ಜೇವರ್ಗಿ ಕಡೆಯ ಕೊಳಕೂರಿನಿಂದ ರಜೆಗೆ ಬರುತ್ತಿದ್ದಳು. ಎರಡನೇ ಕಡಲಿಗೇ ನಿದ್ದೆ ಹೋಗುತ್ತಿದ್ದಳು. ಬೆಳಗ್ಗೆ ಎದ್ದು, "ಅಕ್ಕಾ, ಮುಂದೇನಾಯ್ತ?" ಎಂದು ನನ್ನಿಂದ ಕೇಳಿಕೊಂಡು, ಹೊರಗೆ ಹೋಗಿ ಓಣಿಯ ಹುಡುಗರಿಗೆ ತನ್ನದೇ ಕತೆಯೆನ್ನುವಂತೆ ಹೇಳುತ್ತಿದ್ದಳು, ಕೈ ಬೀಸಿ, ಕಣ್ಣು ಅರಳಿಸಿ. ಎಲ್ಲರೂ ಬಾಯಿ ತೆರೆದು ಅವಳನ್ನೇ ನೋಡುತ್ತಿದ್ದರು. ನಾನು ಹೊಸ್ತಿಲಲ್ಲಿ ಕೂತು, ಅವಳು ಎಲ್ಲಿ ತಪ್ಪುತ್ತಾಳೆ ಎಂದು ಕಾಯುತ್ತಿದ್ದೆ.

ಆ ಐಶ್ವರ್ಯಾ ಹೋದ ಸಂಕ್ರಾಂತಿಗೆ ಮತ್ತೆ ಬಂದಳು. ಈಗ ಅವಳು ಹೊಲಗಳಿಗೆ ಔಷಧಿ ಹೊಡೆಯುವ ಡ್ರೋನ್ ನಡೆಸುವುದನ್ನು ಕಲಿತು, ಊರೂರಿಗೆ ಹೋಗಿ ತೊಗರಿಗೆ ಹೊಡೆದು ಬರುತ್ತಾಳೆ. ಮಾಮಾ ಸುಮ್ಮನೆ ಆಟಕ್ಕೆಂಬಂತೆ ಅವಳ ಕೈಗೆ ರಿಮೋಟ್ ಕೊಟ್ಟ. ಅವಳು ವಿಮಾನವನ್ನು ಒಂದು ಸುತ್ತು ತಂದು, ತಲೆಕೆಳಗು ಮಾಡಿ, ಮತ್ತೆ ನೆಟ್ಟಗೆ ಮಾಡಿ, ಕೊಕ್ಕರೆ ಕೂತ ಹಾಗೆ ಪಟ್ಟಿಯ ಮೇಲೆ ಇಳಿಸಿದಳು.

"ಶಾಬಾಸ್ ಐಶು!" ಎಂದ ಮಾಮಾ.

ಎಂಟು ವರ್ಷದಲ್ಲಿ ನನಗೆ 'ಬರೋಬ್ಬರಿ ಅದ ಭಾಗ್ಯಾ' ಎಂದಿದ್ದಾನೆ. ಶಾಬಾಸ್ ಅಂದಿಲ್ಲ.

ಕಣ್ಣಿನ ವಿಷಯ ಗೊತ್ತಾದ ಮೇಲೆ ಮಾಮಾ ನಮ್ಮಿಬ್ಬರನ್ನೂ ಅಫಜಲಪುರಕ್ಕೆ, ಬಂದೇನವಾಜ ಚಾಚಾನ ಅಂಗಡಿಗೆ ಕರೆಸಿದ. ಚಾಚಾ ಔಷಧಿ ಹೊಡೆಯುವ ಪಂಪು, ಕಳೆ ಕೊಯ್ಯುವ ಮಷಿನ್ನು ರಿಪೇರಿ ಮಾಡುವವನು. ವಿಮಾನದ ಇಂಜಿನ್ನೂ ಅದೇ ಜಾತಿಯದು, ಪೆಟ್ರೋಲಿಗೆ ಎಣ್ಣೆ ಕಲಸಿ ಹಾಕುವಂಥದು.

"ನನ್ನ ಕಣ್ಣಂತೂ ಮುಗದ್ವು" ಎಂದ ಮಾಮಾ, ಏನೋ ಹಳೆ ಚಪ್ಪಲಿಯ ವಿಷಯ ಹೇಳುವವನ ಹಾಗೆ. "ಒಂದು ಆಸೆ ಉಳದದ. ಎರಡು ಇಂಜಿನ್ನಿನ ವಿಮಾನ. ನಾ ಹಾರಸಾಂಗಿಲ್ಲ, ನೋಡ್ತೇನಿ, ಕಂಡಷ್ಟು ಕಾಣಲಿ. ಯಾವುದು ತರಬೇಕು ನೀವು ಇಬ್ರೂ ಹುಡುಕ್ರಿ. ಯಾರು ಆರಿಸಿದ್ದು ತರ್ತೇನೋ ಅವರ ಕೈಯಾಗ ರಿಮೋಟ್."

ಚಾಚಾ ನಕ್ಕ. "ಎರಡು ಇಂಜಿನ್ ಏನ್ರಿ ಸಾರ್! ಇಬ್ಬರು ಹೆಂಡರ ಸಂಸಾರ ಅದು. ಒಬ್ಬಾಕಿಗಿ ಒಂದು ಹನಿ ಜಾಸ್ತಿ ಕುಡಿಸಿದ್ರ ಇನ್ನೊಬ್ಬಾಕಿ ಮನೀನ ತಿರುವಿ ಹಾಕ್ತಾಳ."

"ನಿಮಗ ಒಬ್ಬಾಕಿನೇ ಭಾಳ ಆಗ್ಯಾಳಲ್ರಿ" ಎಂದ ಮಾಮಾ.

"ಹೌದ್ರಿ, ಅದಕ್ಕ ಎರಡನೇದಾಕಿ ಹೆಸರು ತಗದಿಲ್ಲ ನೋಡ್ರಿ."

ಎಲ್ಲರೂ ನಕ್ಕರು. ನಾನೂ ಐಶ್ವರ್ಯಾಳೂ ಮಾತ್ರ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಾನು ಒಂದು ತಿಂಗಳು ಫೋನಿನಲ್ಲಿ ವಿಮಾನಗಳನ್ನೇ ನೋಡಿದೆ. ಕೆಲಸ ಮಾಡುವ ಝೆರಾಕ್ಸ್ ಅಂಗಡಿಯಲ್ಲಿ ಯಾರೋ ಆಧಾರ್ ಕಾರ್ಡ್ ಕೊಟ್ಟರೆ ಬೇರೆ ಯಾರದೋ ಪಹಣಿ ತೆಗೆದುಕೊಟ್ಟೆ. ಕಡೆಗೆ ಒಂದು ಸಿಕ್ಕಿತು. ಬೆಳ್ಳಿ ಬಣ್ಣ, ಮೂಗು ಉದ್ದ, ರೆಕ್ಕೆ ಹೊಟ್ಟೆಯ ಕೆಳಗೆ, ಒಂದೊಂದು ರೆಕ್ಕೆಯ ನಡುವೆ ಒಂದೊಂದು ಇಂಜಿನ್ನು. ಮೇಲೇರಿದ ಮೇಲೆ ಗಾಲಿಗಳು ಹಕ್ಕಿಯ ಕಾಲಿನಂತೆ ಒಳಗೆ ಮಡಚಿಕೊಳ್ಳುತ್ತವೆ. ಅದನ್ನು ನೋಡುತ್ತಿದ್ದರೆ, ರಾಜಕುಮಾರಿಯನ್ನು ಹೊತ್ತುಕೊಂಡು ಹೋಗಲು ಆಕಾಶದಿಂದ ಇಳಿಯುತ್ತಿದ್ದ ಆಯಿಯ ಕತೆಯ ಹಕ್ಕಿ ಇದೇ ಇರಬೇಕು ಅನ್ನಿಸುತ್ತಿತ್ತು.

ಐಶ್ವರ್ಯಾ ಆರಿಸಿದ್ದು ಒಂದು ಡಬ್ಬಿ. ನಿಜಕ್ಕೂ ಡಬ್ಬಿಯೇ. ಚೌಕು ಹೊಟ್ಟೆ, ರೆಕ್ಕೆ ತಲೆಯ ಮೇಲೆ, ಇಂಜಿನ್ನುಗಳು ಹೊಟ್ಟೆಗೆ ಹತ್ತಿಕೊಂಡಂತೆ, ಬಾಲ ದೊಡ್ಡದು, ಗಾಲಿ ಅದಕ್ಕಿಂತ ದಪ್ಪ.

"ಇದೇನ್ಬೇ, ಸಾಮಾನು ಹೇರೋ ಟೆಂಪೋ ಇದ್ದಾಂಗ ಅದ" ಎಂದೆ.

"ಟೆಂಪೋ ಎಲ್ಲಿ ಬೇಕಾದಲ್ಲಿ ಹೋಗ್ತದಕ್ಕಾ" ಎಂದಳು. "ಇಂಜಿನ್ ಹೊಟ್ಟಿ ಹತ್ರ ಅವ. ಒಂದು ನಿಂತ್ರೂ ಇನ್ನೊಂದು ಭಾಳ ಜಗ್ಗಂಗಿಲ್ಲ. ನಿಂದು ರೆಕ್ಕಿ ನಡುವ ಅದ. ಒಂದು ನಿಂತ್ರ ಗಿರಕಿನೇ."

"ನಿಂದಿರಂಗ ನಾ ಯಾಕ ಬಿಡ್ತೇನಿ?"

ಚಾಚಾನ ಅಂಗಡಿಯಲ್ಲೇ ಕೂತು ಮಾಮಾ ಎರಡೂ ಫೋಟೋಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ನನ್ನದರ ಮೇಲೆ ಅವನ ಹೆಬ್ಬೆರಳು ಸ್ವಲ್ಪ ಹೊತ್ತು ನಿಂತಿತು. ಅದನ್ನು ನಾನು ನೋಡಿದೆ, ಅವಳೂ ನೋಡಿದಳು.

"ನಡೀರಿ, ಹೊಲಕ್ಕ ಹೋಗೂಣು" ಎಂದಳು ಐಶ್ವರ್ಯಾ.

ಆಗಲೇ ಮಾರ್ಚಿ. ಎರೆಭೂಮಿ ಬಾಯಿ ಬಿಟ್ಟಿತ್ತು. ರೋಲರ್ ಹೊಡೆದ ಪಟ್ಟಿಯ ಮೇಲೂ ಬಿರುಕುಗಳು ಗೀರು ಎಳೆದಿದ್ದವು. ಐಶ್ವರ್ಯಾ ಪಟ್ಟಿಯ ನಡುವೆ ಕುಕ್ಕರಗಾಲಲ್ಲಿ ಕೂತು, "ಅಕ್ಕಾ, ನಿನ್ನ ಕೈಯಾಗಿನ ಬಳಿ ಒಂದು ಕೊಡು" ಎಂದಳು. ಯಾಕೆಂದು ತಿಳಿಯದೆ ಒಂದು ಹಸಿರು ಬಳೆ ಬಿಚ್ಚಿಕೊಟ್ಟೆ.

"ಮಾಮಾ, ಅಕ್ಕನ ವಿಮಾನದ ಗಾಲಿ ಈ ಬಳಿ ಅಷ್ಟೇ ಅದಾವ. ಅಳತಿ ನೋಡೀನಿ."

ಬಳೆಯನ್ನು ಗಾಲಿಯಂತೆ ನಿಲ್ಲಿಸಿ ಬೆರಳಿನಿಂದ ಉರುಳಿಸಿದಳು. ಅದು ಮೂರು ಮಾರು ಚಂದವಾಗಿ ಹೋಯಿತು. ಆಮೇಲೆ ಒಂದು ಬಿರುಕಿನಲ್ಲಿ ಅರ್ಧ ಮುಳುಗಿ, ಟಿಕ್ ಎಂದು ಎರಡು ತುಂಡಾಯಿತು.

ಚಾಚಾ, "ಹಾಯ್ ಹಾಯ್" ಎಂದ. ಮಾಮಾ ಬಗ್ಗಿ ತುಂಡುಗಳನ್ನು ಎತ್ತಿ, ಯಾರ ಕಾಲಿಗೂ ಚುಚ್ಚದಿರಲೆಂದು ಬದುವಿನಾಚೆ ಎಸೆದ. ಅಷ್ಟರಲ್ಲಿ ನನ್ನ ಬೆಳ್ಳಿ ಹಕ್ಕಿಯ ಕತೆ ಮುಗಿದಿತ್ತು. ನನ್ನ ಬಳೆಯಿಂದಲೇ ಸೋಲಿಸಿದ್ದಳು. ತನ್ನ ಕೈಯಲ್ಲೂ ಬಳೆ ಇದ್ದವು.

ಯುಗಾದಿ ಮುಗಿದ ವಾರ ಪಾರ್ಸಲ್ ಬಂತು. ಜೋಡಿಸಲು ನಾಲ್ಕು ಭಾನುವಾರ ಹಿಡಿಯಿತು. ಡಬ್ಬಿಗೆ ಹಳದಿ ಬಣ್ಣ. ಎದುರಿಗೆ ನಿಲ್ಲಿಸಿದಾಗ ನನಗೂ ಚಂದ ಕಂಡಿತು, ಅದೇ ದೊಡ್ಡ ಸಂಕಟ. ಚಂದವಿಲ್ಲದಿದ್ದರೆ ಬೈದುಕೊಂಡು ಸುಮ್ಮನಿರಬಹುದಿತ್ತು. ಐಶ್ವರ್ಯಾ ರಿಮೋಟಿನ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, ತನ್ನ ಜಡೆಯನ್ನು ಪಟ್ಟಿಯಿಂದ ಹೊರಗೆಳೆದುಕೊಂಡಳು. ಹೊಸ ಮದುವಣಗಿತ್ತಿ ತಾಳಿ ಸರಿಮಾಡಿಕೊಳ್ಳುವ ಹಾಗೆ ಕಂಡಿತು ನನ್ನ ಕಣ್ಣಿಗೆ.

ಮೊದಲ ಹಾರಾಟದ ದಿನ ಬೆಳಗಿನ ಏಳು ಗಂಟೆಗೇ ಎಲ್ಲರೂ ಹೊಲದಲ್ಲಿದ್ದೆವು. ನಾನು ಬಲಗಡೆಯ ಇಂಜಿನ್ ಎಬ್ಬಿಸಿ, ಸ್ಕ್ರೂ ಕೂಡಿಸಿ, ನಿಲ್ಲಿಸಿದೆ. ಆಮೇಲೆ ಎಡಗಡೆಯದು. ಎರಡನ್ನೂ ಒಟ್ಟಿಗೆ ಓಡಿಸಿದಾಗ ಮೊದಲು ಎರಡು ದನಿಗಳು ಒಂದನ್ನೊಂದು ನೂಕಾಡುತ್ತ ವ್ಯಾಂವ್, ವ್ಯಾಂವ್ ಎಂದು ಅಲೆ ಎಬ್ಬಿಸಿದವು. ಎಡಗಡೆಯ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದೆ. ಅಲೆ ಉದ್ದವಾಯಿತು, ಇನ್ನೂ ಉದ್ದವಾಯಿತು, ಕಡೆಗೆ ಇಲ್ಲವಾಯಿತು. ಎರಡು ಗಂಟಲು, ಒಂದೇ ದನಿ. ಮೈ ಜುಮ್ಮೆಂದಿತು.

ತಿರುಗಿ ಮಾಮಾನ ಮುಖ ನೋಡಿದೆ. ಅವನು ಐಶ್ವರ್ಯಾಳ ಕೊರಳ ಪಟ್ಟಿಯ ಕೊಂಡಿ ಬಿಗಿ ಮಾಡುತ್ತಿದ್ದ. ದನಿ ಕೂಡಿದ್ದನ್ನು ಯಾರೂ ಕೇಳಲಿಲ್ಲ.

ಸ್ಕ್ರೂಡ್ರೈವರ್ ಇನ್ನೂ ತೂತಿನಲ್ಲೇ ಇತ್ತು. ಕಾಲುಸುತ್ತು ಒಳಗೆ ತಿರುಗಿಸಿದೆ.

ಅದು ತಾನಾಗಿ ಆಯಿತೆಂದು ನಾನು ಹೇಳುವುದಿಲ್ಲ. ಕೈಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಎಡಗಡೆಯ ದನಿ ಚೂಪಾಯಿತು. ಐಶ್ವರ್ಯಾ ತನ್ನ ಮೀಟರ್ ತಂದು, ಒಂದೊಂದು ಪಂಖಾದ ಎದುರು ಹಿಡಿದು, ನಿಮಿಷಕ್ಕೆ ಎಷ್ಟು ಸುತ್ತು ಎಂದು ನೋಡಿದಳು. ಮೀಟರನ್ನು ಕಿಸೆಗೆ ಹಾಕಿಕೊಂಡು, "ಆಗಲಿ" ಎಂದಳು.

ವಿಮಾನ ಓಡಿತು, ಬಿರುಕುಗಳ ಮೇಲೆ ದಪ್ಪ ಗಾಲಿಗಳು ತಡಬಡಿಸದೆ ಹಾದವು, ನೆಲ ಬಿಟ್ಟಿತು. ಚಾಚಾ ಟೊಪ್ಪಿಗೆ ತೆಗೆದು ಬೀಸಿದ. ಮಾಮಾ ಕಪ್ಪು ಕನ್ನಡಕದ ಮೇಲೆ ಅಂಗೈ ಮರೆ ಮಾಡಿಕೊಂಡು, ಕಾಣದಿದ್ದರೂ ದನಿ ಹೋದತ್ತ ಮುಖ ತಿರುಗಿಸುತ್ತ, "ಎಲ್ಲದ? ಬೇವಿನ ಗಿಡದ ಮ್ಯಾಲ ಅದ ಏನು?" ಎಂದು ಕೇಳುತ್ತಿದ್ದ. ಅವನ ಬಾಯಿ ಮಗುವಿನ ಬಾಯಿಯಂತೆ ತೆರೆದಿತ್ತು.

ನಾನು ಕಿವಿಯನ್ನು ಎಡಗಡೆಯ ದನಿಗೇ ನೆಟ್ಟೆ. ಎರಡನೇ ಸುತ್ತಿಗೆ ಎಡಗಡೆಯ ದನಿ ಒಣಗತೊಡಗಿತು.

"ಐಶು! ಎಡಗಡೀದು ಹೋಗಾಕತ್ತದ! ಎರಡೂ ಇಂಜಿನ್ ಇಳಸು!" ಎಂದು ಕೂಗಿದೆ.

ಅವಳ ಹೆಬ್ಬೆರಳು ನಾನು ಕೂಗಿ ಮುಗಿಸುವ ಮೊದಲೇ ಕೆಳಗಿಳಿದಿತ್ತು. ಎಡ ಇಂಜಿನ್ ನಿಂತಿತು, ಮೂಗು ಎಡಕ್ಕೆ ವಾಲಿತು, ಅವಳು ಬಾಲ ಹೊರಳಿಸಿ ನೆಟ್ಟಗೆ ಮಾಡಿದಳು. ಪಟ್ಟಿ ಸಿಗಲಿಲ್ಲ. ವಿಮಾನ ಪಕ್ಕದಲ್ಲಿ, ತೊಗರಿ ಕೊಯ್ದು ಉಳಿದ ಬುಡಗಳ ನಡುವೆ ಎಗರೆಗರಿ ನಿಂತಿತು. ಒಂದು ಗಾಲಿಯ ಕಡ್ಡಿ ಬಾಗಿತ್ತು, ಅಷ್ಟೇ.

ಮಾಮಾ ಓಡಿ ಬಂದು ನನ್ನ ತಲೆಯ ಮೇಲೆ ಕೈಯಿಟ್ಟ. "ಎಂಥಾ ಕಿವಿ ನಿಂದು! ಶಾಬಾಸ್ ಭಾಗ್ಯಾ! ಇನ್ನ ಹೀಂಗೇ. ರಿಮೋಟ್ ಆಕಿ ಕೈಯಾಗ, ನೀ ಆಕಿ ಬಾಜೂಕ. ನೀ ಇಲ್ಲದ ಆಕಿ ಹಾರಸಾಂಗಿಲ್ಲ."

"ಕಿವಿ ಅಲ್ಲ ಸಾರ್, ಸ್ಟೆಥೋಸ್ಕೋಪು" ಎಂದ ಚಾಚಾ.

ಎಂಟು ವರ್ಷ ಕಾದ ಶಾಬಾಸ್ ಅದು. ಬಿಸಿ ಎಣ್ಣೆಯಂತೆ ನೆತ್ತಿಯ ಮೇಲೆ ಸುರಿಯಿತು. ಅದರ ಜೊತೆಗೇ ರಿಮೋಟ್ ಶಾಶ್ವತವಾಗಿ ಅವಳದಾಯಿತು.

ಮಾಮಾ ಮತ್ತು ಚಾಚಾ ಬಾಗಿದ ಕಡ್ಡಿಯನ್ನು ಕಲ್ಲಿನ ಮೇಲಿಟ್ಟು ಬಡಿಯುತ್ತಿದ್ದರು. ನಾವಿಬ್ಬರೂ ಬೋರಿನ ನೀರು ತುಂಬುವ ಹೌದಿನ ಹತ್ತಿರ ಕೈ ತೊಳೆಯಲು ಹೋದೆವು. ಎಣ್ಣೆ ಹೋಗಲೊಲ್ಲದು. ಸಾಬೂನು ಪುಡಿ ಉಜ್ಜುತ್ತ, ತಲೆ ಎತ್ತದೆ ಹೇಳಿದೆ:

"ಸ್ಕ್ರೂ ನಾನೇ ತಿರುವಿದ್ದೆ."

"ಗೊತ್ತು."

"ಏನ್ ಗೊತ್ತು?"

"ಎಡಗಡೀದು ಮುನ್ನೂರು ಸುತ್ತು ಜಾಸ್ತಿ ಇತ್ತು. ಮೀಟರಿನಾಗ ನೋಡ್ದೆ. ಅಕ್ಕಾ ತಪ್ಪು ಕೂಡಸಾಕಿ ಅಲ್ಲ. ಬೇಕಂತನೇ ಮಾಡ್ಯಾಳ ಅಂದೆ."

"ಮತ್ತ ಯಾಕ ಹಾರಿಸ್ದಿ? ಹೇಳಬೇಕಿತ್ತಿಲ್ಲೇನು?"

ಅವಳು ನೀರನ್ನು ಮುಖಕ್ಕೆ ಎರಚಿಕೊಂಡಳು. "ಹೇಳಿದ್ರ ಮಾಮಾ ಏನಂತಿದ್ದ? ಭಾಗ್ಯಾ ಹೀಂಗ್ಯಾಕ ಮಾಡಿದಿ, ನಿನ್ನ ಮನಸ್ಸಿಗಿ ನೋವಾಗ್ಯದೇನು, ಬಾ ನೀನೇ ಹಿಡಿ ಅಂತಿದ್ದ. ಗೊತ್ತಿಲ್ಲೇನು ನನಗ? ನಾ ಏನ್ ಹಾರಿಸಿದ್ರೂ ಇಳಿಸಿದ ಮ್ಯಾಲ ಅಂವ ಮೊದಲು ನಿನ್ನ ಕಡೀನೇ ತಿರುಗ್ತಾನ. ಭಾಗ್ಯಾ, ಬರೋಬ್ಬರಿ ಇತ್ತೇನು ಅಂತ. ಆಯಿನೂ ಹಾಂಗೇ. ಕತಿ ಎಲ್ಲಾರಿಗಿ, ಮುಖ ಮಾತ್ರ ನಿನ್ನ ಕಡಿ. ನಾ ನಿದ್ದಿ ಹೋಗ್ತಿದ್ನಿ ಅಂತ ತಿಳದೀ ಏನು? ಕಣ್ಣು ಮುಚ್ಚಿ ಬಿದ್ದಿರ್ತಿದ್ನಿ."

ಇಷ್ಟು ವರ್ಷ ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚಿತ್ತು! ಕೇಳಿ ಮರುಕವಾಗಬೇಕಿತ್ತು. ಮೊದಲು ಆದದ್ದು ಖುಷಿ. ಆಮೇಲೆ, ಆ ಖುಷಿಯನ್ನು ಕಂಡು ಹೆದರಿಕೆ.

"ಮಾಮಾಗ ಹೇಳ್ತೇನಿ" ಎಂದೆ.

"ನಾ ಹೇಳ್ತೇನಿ" ಎಂದಳು.

"ತಪ್ಪು ನಂದು, ನಾನೇ ಹೇಳಾಕಿ."

"ತಿಳದೂ ಹಾರಿಸ್ದಾಕಿ ನಾನು. ಅದು ದೊಡ್ಡ ತಪ್ಪು."

ಒಪ್ಪಿಕೊಳ್ಳುವುದರಲ್ಲೂ ಅವಳೇ ಮೊದಲಾಗುತ್ತಾಳೆ ಅನ್ನಿಸಿತು. ನಾನು ಬೇಗ ಬೇಗ ನಡೆದೆ. ಅವಳು ಇನ್ನೂ ಬೇಗ ನಡೆದಳು. ಕಡೆಗೆ ಇಬ್ಬರೂ ಒದ್ದೆ ಕೈಯಲ್ಲಿ, ಸೆರಗು ದುಪಟ್ಟಾ ಹಾರಿಸಿಕೊಂಡು ಓಡಿ ಬಂದು, ಮಾಮಾನ ಎದುರು ಒಟ್ಟಿಗೆ ಹೇಳಿದೆವು. ಅವನಿಗೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು.

ಸುತ್ತಿಗೆ ನಿಂತಿತು. ಚಾಚಾ ಮೆಲ್ಲಗೆ, "ಅಂದಿದ್ನಿಲ್ರಿ ಸಾರ್, ಇಬ್ಬರು ಹೆಂಡರು" ಎಂದವನು, ಮಾಮಾನ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಮಾಮಾ ಬೈಯಲಿಲ್ಲ. ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡ. "ನಮ್ಮ ವರ್ಕ್‌ಶಾಪಿನಾಗ ಒಂದು ರೂಲ್ ಅದ" ಎಂದ. "ಬ್ರೇಕ್ ಕಟ್ಟಿದವನೇ ಮೊದಲು ಗಾಡಿ ಹತ್ತಬೇಕು. ಗಾಡಿ ಓಡಿಸ್ದವನು ಕೆಳಗ ಇಳದು ಬ್ರೇಕ್ ಕಟ್ಟಬೇಕು. ಭಾಗ್ಯಾ, ಸ್ಕ್ರೂ ಮೊದಲಿನಂಗ ಕೂಡಸು. ಕೂಡಿಸಿ ರಿಮೋಟ್ ಹಿಡಿ. ಐಶು, ನೀ ವಿಮಾನಕ್ಕ ಬೆನ್ನು ಮಾಡಿ ನಿಲ್ಲು. ಮ್ಯಾಲ ನೋಡಬ್ಯಾಡ. ಕೇಳು, ಕೇಳಿ ಆಕಿಗಿ ಹೇಳು."

ಸ್ಕ್ರೂ ಕಾಲುಸುತ್ತು ಹಿಂದಕ್ಕೆ ಬಂತು. ರಿಮೋಟಿನ ಪಟ್ಟಿ ನನ್ನ ಕೊರಳಿಗೆ ಬಂತು. ಅವಳ ಬೆವರಿನಿಂದ ಇನ್ನೂ ಒದ್ದೆಯಿತ್ತು. ಚಾಚಾ ಟ್ಯಾಂಕು ಮತ್ತೆ ತುಂಬಿಸಿದ. ಎಂಟು ವರ್ಷದಲ್ಲಿ ತುಂಬಿದ ಟ್ಯಾಂಕನ್ನು ನನ್ನ ಕೈಗೆ ಕೊಟ್ಟದ್ದು ಅದೇ ಮೊದಲು.

ಹಳದಿ ವಿಮಾನ ನನ್ನ ಬೆರಳಿನಿಂದ ಮೇಲೇರಿತು. ಬೇವಿನ ಗಿಡ ದಾಟಿತು. ನಾನು ಎಡಕ್ಕೆ ಅಂದರೆ ಎಡಕ್ಕೆ, ಮೇಲೆ ಅಂದರೆ ಮೇಲೆ. ಬಿಸಿಲು ಅದರ ಹೊಟ್ಟೆಯ ಮೇಲೆ ಬಿದ್ದು ಹೊಳೆಯಿತು. ನನಗೆ ಹಸಿವಿಲ್ಲ, ಊರಿಲ್ಲ, ಹೆಸರಿಲ್ಲ ಅನ್ನಿಸಿತು. ಮೂರನೇ ಸುತ್ತು ಮುಗಿಯಿತು, ನಾಲ್ಕನೆಯದು.

"ಅಕ್ಕಾ" ಎಂದಳು ಐಶ್ವರ್ಯಾ, ಪಕ್ಕದಲ್ಲಿ, ಬೆನ್ನು ತಿರುಗಿಸಿ. "ಬಲಗಡೀದು ಕುಂದಾಕತ್ತದ. ಇಳಸು."

ಕಿವಿಗೊಟ್ಟೆ. ಏನೂ ತಿಳಿಯಲಿಲ್ಲ. ಬರೀ ದನಿ, ಒಂದೇ ದೊಡ್ಡ ದನಿ. ಕಣ್ಣಿನಿಂದ ಹಿಡಿದಿಟ್ಟದ್ದನ್ನು ಒಂದು ಗಳಿಗೆ ಬಿಟ್ಟರೂ ವಿಮಾನ ಕಳೆದುಹೋಗುತ್ತದೆಂಬ ಭಯದಲ್ಲಿ ನನ್ನ ಕಿವಿಗಳೇ ಕೆಲಸ ಬಿಟ್ಟಿದ್ದವು. ಖರೇ ಹೇಳುತ್ತಿದ್ದಾಳೋ? ಅಥವಾ ನನ್ನ ಪಾಳಿ ಸಾಕು ಎಂದೋ? ಟ್ಯಾಂಕು ಇನ್ನೂ ಅರ್ಧದಷ್ಟಿತ್ತು. ಅವಳ ಜಾಗದಲ್ಲಿ ನಾನಿದ್ದರೆ ಏನು ಹೇಳುತ್ತಿದ್ದೆ? ಅದು ನನಗೆ ಚೆನ್ನಾಗಿ ಗೊತ್ತಿತ್ತು.

"ಅಕ್ಕಾ, ಇಳಸು ಅಂದೆ!"

ಹೆಬ್ಬೆರಳನ್ನು ಕೆಳಗೆ ತಂದೆ. ವಿಮಾನ ದೊಡ್ಡ ಸುತ್ತು ಬಂದು, ಎರಡು ಸಲ ಕುಪ್ಪಳಿಸಿ, ಪಟ್ಟಿಯ ಕಡೆಯ ತುದಿಯಲ್ಲಿ ನಿಂತಿತು. ಎರಡೂ ಪಂಖಾ ತಿರುಗುತ್ತಲೇ ಇದ್ದವು. ನಾನೇ ನಿಲ್ಲಿಸಿದೆ.

"ಖರೇನ ಕುಂದಿತ್ತೇನು?" ಎಂದು ಮಾಮಾ ಚಾಚಾನನ್ನು ಕೇಳಿದ. "ನನಗೇನು ಗೊತ್ತಾಗಲಿಲ್ಲ." ಚಾಚಾ ತನ್ನ ಕಿವಿ ಮುಟ್ಟಿ ತಲೆಯಾಡಿಸಿದ, ಅವನಿಗೂ ಗೊತ್ತಿಲ್ಲ. ಆಗ ಇಬ್ಬರೂ ನನ್ನ ಕಡೆ ತಿರುಗಿದರು. ಐಶ್ವರ್ಯಾಳ ಮುಖ ಕೆಂಪಾಗಿತ್ತು. ನಾನು ಇಲ್ಲ ಎಂದರೆ ಸಾಕಿತ್ತು, ರಿಮೋಟ್ ನನ್ನ ಕೊರಳಲ್ಲೇ ಉಳಿಯುತ್ತಿತ್ತು. ಅದು ಅವಳಿಗೂ ಗೊತ್ತಿತ್ತು.

"ಹೌದ್ರಿ ಮಾಮಾ" ಎಂದೆ. "ಕುಂದಿತ್ತು."

ಅವಳು ಥಟ್ಟನೆ ನನ್ನನ್ನು ನೋಡಿದಳು. ನಾನು ನಿಜವಾಗಿ ಕೇಳಿ ಹೇಳಿದೆನೋ, ತನಗೆ ಭಿಕ್ಷೆ ಹಾಕಿದೆನೋ ಅವಳಿಗೆ ತಿಳಿಯಲಿಲ್ಲ. ನಾನೂ ಹೇಳಲಿಲ್ಲ. ಪಟ್ಟಿಯನ್ನು ಕೊರಳಿನಿಂದ ತೆಗೆದು ಅವಳ ಕೊರಳಿಗೆ ಹಾಕಿ, ಸ್ಕ್ರೂಡ್ರೈವರ್ ತೆಗೆದುಕೊಂಡು ಬಲಗಡೆಯ ಇಂಜಿನ್ನಿನ ಮುಂದೆ ಕೂತೆ. ಅವಳು ಕಿಸೆಯಿಂದ ಮೀಟರ್ ತೆಗೆದು ನನ್ನ ಪಕ್ಕದಲ್ಲೇ ಕೂತಳು, ಪಂಖಾದ ಕಡೆ ನೋಡದೆ, ನನ್ನ ಬೆರಳುಗಳನ್ನೇ ನೋಡುತ್ತ.